ಮೂವತ್ತೆಂಟನೇ ಮಹಡಿಯ ಸೂರ್ಯ

"ಉಸ್ತಾದ್, ಒಂದು ಪ್ರಶ್ನೆ. ಬೈಯಬಾರದು," ಎಂದ ನೌಶೀರ್.

ಮಸೀದಿಯ ಪಾಠಕ್ಕೆ ಬರುವವರಲ್ಲಿ ಮೊಬೈಲ್ ರಿಪೇರಿಯ ನೌಶೀರನಷ್ಟು ತರಲೆ ಇನ್ನೊಬ್ಬನಿಲ್ಲ. ಪಾಠ ಹೇಳುವ ಉಸ್ತಾದರು ಕೇಳು ಎಂಬಂತೆ ತಲೆಯಾಡಿಸಿದರು.

"ಇಸ್ಲಾಮಿನ ಐದು ಕಂಬಗಳಲ್ಲಿ ನಮಾಜಿಗೆ ಮೊಣಕಾಲು ನೋಯುತ್ತದೆ. ಉಪವಾಸಕ್ಕೆ ಹೊಟ್ಟೆ, ಝಕಾತಿನ ದಾನಕ್ಕೆ ಜೇಬು, ಹಜ್ಜಿಗೆ ಇಡೀ ಮನುಷ್ಯ. ಮೊದಲನೆಯದಕ್ಕೆ ಏನೂ ನೋಯುವುದಿಲ್ಲ. ಅಲ್ಲಾಹನ ಹೊರತು ದೇವರಿಲ್ಲ, ಮುಹಮ್ಮದರು ಅವನ ಪ್ರವಾದಿ ಎಂದು ಸಾಕ್ಷಿ ನುಡಿದರಾಯಿತು. ಇಷ್ಟು ಸಲೀಸಾದದ್ದು ಎಲ್ಲಕ್ಕಿಂತ ಮುಂದೆ ಯಾಕೆ?"

ಉಸ್ತಾದರು ಬೈಯಲಿಲ್ಲ. ಕತೆ ಹೇಳಿದರು.

ಕಡಲ ದಂಡೆಯ ಊರೊಂದರಲ್ಲಿ ಒಬ್ಬ ಕ್ರೇನ್ ಚಾಲಕನಿದ್ದ. ಊರಿಗೇ ಎತ್ತರದ ಕಟ್ಟಡ ಅಲ್ಲಿ ಏಳುತ್ತಿತ್ತು. ಮೂವತ್ತೆಂಟನೇ ಮಹಡಿಗಿಂತಲೂ ಮೇಲೆ, ಪಾರಿವಾಳದ ಗೂಡಿನಷ್ಟು ಜಾಗದಲ್ಲಿ ಅವನ ಕೆಲಸ. ಅಷ್ಟು ಮೇಲಕ್ಕೆ ಏರಿದ ಮೊದಲ ದಿನವೇ ರಂಝಾನಿನ ಮೊದಲ ಉಪವಾಸ. ಬಿರುಬೇಸಿಗೆ. ಕಾದ ಕಬ್ಬಿಣದ ನಡುವೆ ಕೂತು ಕೂತು ಅವನ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಸಂಜೆಯಾಯಿತು. ನೀರಿನ ಬಾಟಲಿಯ ಮುಚ್ಚಳ ತೆಗೆದು ಕಾದ.

ಕೆಳಗಿನ ಮಸೀದಿಯಿಂದ ಬಾಂಗ್ ಕೇಳಿಸಿತು. ಸೂರ್ಯ ಮುಳುಗಿದ, ಉಪವಾಸ ಬಿಡಬಹುದು. ಅವನು ಬಾಟಲಿಯನ್ನು ತುಟಿಗೆ ತಂದ. ಕೈ ಅಲ್ಲೇ ನಿಂತಿತು.

ಎದುರಿಗೆ, ಕಡಲಿನ ಅಂಚಿನಲ್ಲಿ, ಸೂರ್ಯ ಇನ್ನೂ ಇದ್ದ. ಉಗುರಿನಷ್ಟೇ. ಆದರೆ ಇದ್ದ.

ನೆಲದ ಮೇಲೆ ನಿಂತು ಅವನಿಗೆ ಸೂಚನೆ ಕೊಡುವ ಗೆಳೆಯ ವಾಕಿಟಾಕಿಯಲ್ಲಿ ಕೂಗಿದ: "ಕಾಕಾ, ಬಾಂಗ್ ಆಯ್ತು! ಕುಡೀರಿ, ಇಲ್ಲದಿದ್ರೆ ಮೇಲಿಂದ ನೀವೇ ಬೀಳ್ತೀರಿ."

"ನನಗಿನ್ನೂ ಸೂರ್ಯ ಕಾಣ್ತಿದೆ ಮಾರಾಯಾ."

"ಇಲ್ಲಿ ಕತ್ತಲು ಕವೀತಾ ಇದೆ. ನಿಮಗೇನು, ಕಂಪನಿಯವರು ಬೇರೆ ಸೂರ್ಯ ಕೊಟ್ಟಿದ್ದಾರಾ? ಕುಡೀರಿ ಕಾಕಾ, ಅಷ್ಟು ಮೇಲೆ ಯಾರು ನೋಡ್ತಾರೆ?"

ಚಾಲಕನಿಗೆ ನಗು ಬಂತು. ಗೆಳೆಯ ಸುಳ್ಳು ಹೇಳಿರಲಿಲ್ಲ. ಕೆಳಗಿನವರ ಪಾಲಿಗೆ ಸೂರ್ಯ ಮುಳುಗಿದ್ದ, ಅವರ ಉಪವಾಸ ಮುಗಿದಿತ್ತು. ಅವನದು ಮುಗಿದಿರಲಿಲ್ಲ. ಒಂದು ಗುಟುಕು ಇಳಿದರೆ ಇಡೀ ದಿನದ ಉಪವಾಸ ಹೋಯಿತು. ಹೋದದ್ದು ಯಾರಿಗೂ ಗೊತ್ತಾಗುವುದೂ ಇಲ್ಲ.

ಅವನು ಮುಚ್ಚಳ ಹಾಕಿದ.

ಆಗ ಕೆಳಗೆ ನೋಡಿದ. ಕತ್ತಲು ನೆಲದಿಂದ ಕಟ್ಟಡವನ್ನು ಹತ್ತುತ್ತಿತ್ತು. ಹತ್ತನೇ ಮಹಡಿಯ ಗೋಡೆ ಆಗಲೇ ಬೂದುಬಣ್ಣಕ್ಕೆ ತಿರುಗಿತ್ತು. ಇಪ್ಪತ್ತನೆಯದು ಆರಿತು. ಮೂವತ್ತನೆಯದೂ ಆರಿತು. ಯಾರೋ ಮೆಟ್ಟಿಲು ಹತ್ತಿ ಅವನೆಡೆಗೇ ಬರುತ್ತಿರುವಂತೆ ಒಂದೊಂದಾಗಿ ಮಹಡಿಗಳು ನಂದಿದವು. ಕೊನೆಗೆ ಊರಿಗೆಲ್ಲ ಬೆಳಕು ಉಳಿದದ್ದು ಅವನ ಮೊಣಕೈಗಳ ಮೇಲೆ, ಮುಖದ ಮೇಲೆ. ಬಾಯಾರಿಕೆ ಎಲ್ಲಿ ಹೋಯಿತೋ ಅವನಿಗೆ ತಿಳಿಯಲಿಲ್ಲ. ಮೈ ಜುಮ್ಮೆಂದಿತು. ಇಷ್ಟು ದೊಡ್ಡ ಹಗಲಿನ ಕೊನೆಯ ತುಣುಕನ್ನು ತನ್ನೊಬ್ಬನಿಗಾಗಿ ಎತ್ತಿಟ್ಟವನು ಯಾರೆಂದು ನೆನೆದು ಅವನ ಕಣ್ಣು ತುಂಬಿತು.

ಆಮೇಲೆ ಆ ಉಗುರೂ ನೀರಿಗಿಳಿಯಿತು. "ಬಿಸ್ಮಿಲ್ಲಾ" ಎಂದು ಕುಡಿದ.

ಉಸ್ತಾದರು ಇಲ್ಲಿಗೆ ನಿಲ್ಲಿಸಿದರು.

ನೌಶೀರ್ ತಲೆ ಕೆರೆದುಕೊಂಡ. "ಇದು ಉಪವಾಸದ ಕತೆಯಾಯಿತಲ್ಲ ಉಸ್ತಾದ್? ನಾನು ಕೇಳಿದ್ದು ಸಾಕ್ಷಿಯ ಸಂಗತಿ."

"ಸೂರ್ಯ ಇನ್ನೂ ಇದ್ದಾನೆ ಎನ್ನಲು ಆ ಎರಡು ನಿಮಿಷ ಊರಿಗೆಲ್ಲ ಅವನೊಬ್ಬನೇ ಸಾಕ್ಷಿ ಇದ್ದ, ನೌಶೀರ್. ಆ ಸಾಕ್ಷಿ ಬಿಟ್ಟಿದ್ದರೆ ಉಪವಾಸವೂ ಬೀಳುತ್ತಿತ್ತು."