ಅವ್ವ ಬರೆದ ಹೆಸರುಗಳು

ಮಹಾರುದ್ರಪ್ಪ ಮಾಸ್ತರರು ಊರಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದರು. ಅವರ ಶಿಷ್ಯೆ ಸುನಂದಾ ಬಲು ಚುರುಕು. ತಾಳ್ಮೆ ಮಾತ್ರ ಅವಳ ಹತ್ತಿರವೂ ಸುಳಿದಿರಲಿಲ್ಲ.

ಅವಳ ತಾಯಿ ಸಾಯುವ ಮುಂಚೆ, ಹಾಸಿಗೆಯಲ್ಲಿ ಮಲಗಿಯೇ, ಒಂದೇ ಬೆರಳಿನಿಂದ ಫೋನಿನಲ್ಲಿ ಮೂವರು ಮಕ್ಕಳಿಗೂ ಮಾತು ಬರೆದಿಟ್ಟಿದ್ದಳು. ಪ್ರತಿ ಮಾತಿನ ಮೊದಲಿಗೆ ಒಂದು ಹೆಸರು: ಸುನಂದಾ, ಇಲ್ಲವೇ ತಮ್ಮ ಗುರುಲಿಂಗ, ಇಲ್ಲವೇ ತಂಗಿ ಕಸ್ತೂರಿ. ಎಲ್ಲವೂ ಅಂಟಿಕೊಂಡು ಒಂದೇ ಉದ್ದನೆಯ ಬರಹ. ಸುನಂದಾ ಅದನ್ನು ತನ್ನ ಕಂಪ್ಯೂಟರಿನ ಒಂದು ಫೈಲಿಗೆ ಇಳಿಸಿಕೊಂಡಿದ್ದಳು. ವರ್ಷದ ಪುಣ್ಯಸ್ಮರಣೆಯಂದು ಅದನ್ನು ಬಿಡಿಸಿ ಅವರವರ ಮಾತು ಅವರವರ ಕೈಗಿಡಬೇಕೆಂದು ಸುನಂದಾಳ ಆಸೆ. ಬೇರೆಯವರ ಪಾಲಿನದು ಕಣ್ಣಿಗೆ ಬೀಳಬಾರದೆಂದು ಅವಳು ಅದನ್ನು ಓದಿಯೂ ಇರಲಿಲ್ಲ.

"ಹೆಸರು ಬಂದಲ್ಲೆಲ್ಲ ಕತ್ತರಿಸಿದ್ರ ಆತಲ್ರಿ, ಸರ?" ಎಂದಳು.

"ತಡಿಯವ್ವ. ಹಂಗ ಕತ್ತರಿಸಿದ್ರ ಕಂಪ್ಯೂಟರ್ ಹೆಸರನ್ನ ನುಂಗಿಬಿಡತೈತಿ. ಹಿಂದ ಪೂರ್ಣವಿರಾಮ ಐತೇನು, ಮುಂದ ಹೆಸರು ಐತೇನು ಅಂತ ಬರೇ ನೋಡಬೇಕು, ಮುಟ್ಟಬಾರದು. ಅವೆರಡರ ನಡುವ ಕತ್ತರಿಸಬೇಕು. ಹಿಂದ ನೋಡೂದಕ್ಕ ಲುಕ್‌ಬಿಹೈಂಡ್, ಮುಂದ ನೋಡೂದಕ್ಕ ಲುಕ್‌ಅಹೆಡ್ ಅಂತಾರ. ಸೋಮವಾರ ಕಲಿಸ್ತೀನಿ."

ಸೋಮವಾರದ ತನಕ ಕಾಯುವವಳೇ ಅವಳು! ಮನೆಗೆ ಹೋಗಿ, ಹೆಸರು ಬಂದಲ್ಲೆಲ್ಲ ಕತ್ತರಿಸು ಎಂದು ಕಂಪ್ಯೂಟರಿಗೆ ಒಂದು ಸಾಲು ಬರೆದಳು. ಬರಹ ನಲವತ್ತೆರಡು ತುಂಡಾಯಿತು. ಹಿಗ್ಗಿ, ಅದೇ ಫೈಲಿನ ಮೇಲೆಯೇ ಉಳಿಸಿಬಿಟ್ಟಳು. ತಾಯಿಯ ಫೋನನ್ನು ಅಳಿಸಿ ಅಂಗಡಿಗೆ ಕೊಟ್ಟು ಆಗಲೇ ತಿಂಗಳಾಗಿತ್ತು.

ಆಮೇಲೆ ನೋಡಿದರೆ ಒಂದು ತುಂಡಿನ ಮೇಲೂ ಹೆಸರಿಲ್ಲ. ಕೆಲವನ್ನು ಊಹಿಸಬಹುದಿತ್ತು. ಒಂದನ್ನು ಮಾತ್ರ ಆಗಲಿಲ್ಲ: "ನಿನ್ನ ಮ್ಯಾಲಿನ ಸಿಟ್ಟು ಯಾವಾಗೋ ಹೋಗೈತಿ. ನೀನ ಬರಲಿಲ್ಲ."

ಮೂವರೂ ತಾಯಿಯೊಡನೆ ಮುನಿಸಿಕೊಂಡವರೇ. ತನ್ನ ಮದುವೆಯ ಜಗಳದಲ್ಲಿ ಸುನಂದಾ ನಾಲ್ಕು ವರ್ಷ ತವರಿನ ಹೊಸ್ತಿಲು ತುಳಿದಿರಲಿಲ್ಲ. ಅವಳು ಮಾಸ್ತರರ ಬಳಿಗೆ ಓಡಿದಳು.

"ಹೆಸರು ವಾಪಸ್ ತಂದುಕೊಡ್ರಿ, ಸರ."

"ಕತ್ತರಿಸೂದು ಕಲಿಸಬಲ್ಲೆ, ತಂಗಿ. ಹೋಗಿದ್ದನ್ನ ತರಾಕ ನನಗ ಬರೂದಿಲ್ಲ," ಎಂದು ಮಾಸ್ತರರು ತಲೆ ತಗ್ಗಿಸಿದರು.

ಪುಣ್ಯಸ್ಮರಣೆಯ ದಿನ ಗುರುಲಿಂಗ ಹಾಳೆಯಲ್ಲಿ ಆ ಮಾತು ಓದಿ ಬಿಕ್ಕಿದ. "ಇದು ಅವ್ವ ನನಗ ಬರದಾಳ."

"ಇಲ್ಲೋ ಅಣ್ಣ, ನನಗ!" ಎಂದು ಕಸ್ತೂರಿ ಹಾಳೆ ಹಿಡಿದೆಳೆದಳು. "ಅಕ್ಕಾ, ನೀನ ಹೇಳು. ಇದು ಯಾರದು?"

ನನ್ನದು ಎಂಬ ಮಾತು ಸುನಂದಾಳ ನಾಲಿಗೆಯ ತುದಿಯವರೆಗೆ ಬಂದಿತ್ತು. "ಗೊತ್ತಿಲ್ಲವ್ವ," ಎಂದಳು. ಯಾರದೆಂದು ಹೇಳಬೇಕಾದ ತಾಯಿ ಹೇಳಿಯೇ ಹೋಗಿದ್ದಳು. ಕೇಳಿಸಿಕೊಳ್ಳುವ ದಾರಿಯನ್ನು ಮಗಳೇ ಮುಚ್ಚಿದ್ದಳು.

ನೀತಿ: ಕತ್ತರಿಸುವ ಮುಂಚೆ ಹಿಂದೇನಿದೆ, ಮುಂದೇನಿದೆ ಎಂದು ನೋಡಿ, ನೋಡಿದ್ದನ್ನು ಅದರ ಜಾಗದಲ್ಲೇ ಉಳಿಸಿ. ಅವಸರದಲ್ಲಿ ಕಳೆದದ್ದನ್ನು ಆಮೇಲೆ ಕಲಿತ ವಿದ್ಯೆ ಮರಳಿಸುವುದಿಲ್ಲ.