ತಣ್ಣಗಿನ ಎಂಜಿನ್

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಬೆಳಿಗ್ಗೆ ಎದ್ದೊಡನೆ ನನಗೆ ಎಲ್ಲರ ಮೇಲೂ ಸಿಟ್ಟು. ಹೆಂಡತಿ ಮಾತಾಡಿಸಿದರೆ ಸಿಡುಕುತ್ತೇನೆ, ಮಕ್ಕಳು ಎದುರಾದರೆ ಗದರುತ್ತೇನೆ. ನೀವು ಜಪ ಹೇಳಿದಿರಿ, ಮಾಡಿದೆ. ರಾತ್ರಿಯೂಟ ಬಿಡು ಎಂದಿರಿ, ಬಿಟ್ಟೆ. ಹಸಿವು ಹೆಚ್ಚಿತೇ ಹೊರತು ಸಿಟ್ಟು ಇಳಿಯಲಿಲ್ಲ. ಸ್ನಾನ ಮುಗಿಸಿ ಇಲ್ಲಿ ಬಂದು ಕೂತರೆ ಮಾತ್ರ ಮನಸ್ಸು ತಿಳಿನೀರು. ನನ್ನ ದೋಷ ಎಲ್ಲಿದೆ?"

ಗುರು ಹೇಳಿದರು:

ಒಬ್ಬ ಜವಳಿ ವ್ಯಾಪಾರಿ ಇದ್ದ. ಅವನಿಗೊಂದು ಹಳೆಯ ಕಾರು. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಎಂಜಿನ್ ನಿಂತಲ್ಲೇ ಚಳಿಜ್ವರ ಬಂದವರಂತೆ ಗಡಗಡ ನಡುಗುತ್ತಿತ್ತು. ಕೆಲವೊಮ್ಮೆ ನಡುಗಿ ನಡುಗಿ ಆರಿಹೋಗುತ್ತಿತ್ತು. ಸ್ವಲ್ಪ ಓಡಿ ಬಿಸಿಯಾಯಿತೆಂದರೆ, ಏನೂ ಆಗಿಲ್ಲವೆಂಬಂತೆ ಸುಮ್ಮನಾಗುತ್ತಿತ್ತು.

ಅವನ ಮಗಳಿಗೆ ಮದುವೆ ಗೊತ್ತಾಯಿತು. ಮುಂಜಾನೆಯೇ ದಿಬ್ಬಣ ಹೊರಡಬೇಕು. ಮಗಳು ಹಟ ಹಿಡಿದಳು: "ಹೋದರೆ ನಮ್ಮ ಕಾರಿನಲ್ಲೇ. ಬೇರೆ ಕಾರು ತಂದರೆ ನಾನು ಹತ್ತೋದೇ ಇಲ್ಲ." ಮದುಮಗಳು ಕೂತಾಗ ಕಾರು ನಡುಗಿ ನಿಂತುಹೋದರೆ ಬೀಗರು ಅಪಶಕುನ ಎನ್ನದೆ ಬಿಡುತ್ತಾರೆಯೇ? ವ್ಯಾಪಾರಿಗೆ ಊಟ ರುಚಿಸಲಿಲ್ಲ.

ಮೆಕ್ಯಾನಿಕ್ಕನ ಬಳಿ ಒಯ್ದ. ಅವನು ಎಂಜಿನ್ನಿಗೆ ಕಿವಿಗೊಟ್ಟು ಕೇಳಿದ. ದೋಷವೇ ಕಾಣಲಿಲ್ಲ. ಆದರೂ ಗಿರಾಕಿಯ ಮಾತಿಗೆ ಬೆಲೆ ಕೊಟ್ಟು ಪ್ಲಗ್ ಬದಲಿಸಿದ. ಬೆಳಗಾದರೆ ಮತ್ತೆ ನಡುಕ. ಬ್ಯಾಟರಿ ಬದಲಿಸಿದ. ಮತ್ತೆ ನಡುಕ. ವ್ಯಾಪಾರಿ ಸಿಟ್ಟಿನಿಂದ ಬಂದ.

"ಏನಪ್ಪಾ ನಿನ್ನ ಕೈಗುಣ!"

"ಸಾವ್ಕಾರ್ರೇ, ನನ್ನೆದುರು ಇದು ಒಂದು ಸಲಾನೂ ನಡುಗಿಲ್ಲ. ನಿಮ್ಮ ಮಾತು ನಂಬಿ ರಿಪೇರಿ ಮಾಡ್ತಿದ್ದೀನಿ."

"ನನ್ನ ಹೆಂಡತಿಯೂ ಅದನ್ನೇ ಆಡಿಕೊಳ್ತಾಳೆ. ಕಾರೂ ನಿಮ್ಮ ಥರಾನೇ, ಪೇಟೇಲಿ ನಗು, ಮನೇಲಿ ಗುರ್ರು ಅಂತಾಳೆ."

ಮೆಕ್ಯಾನಿಕ್ ನಕ್ಕ. ನಕ್ಕವನು ಸ್ಪ್ಯಾನರ್ ಕೆಳಗಿಟ್ಟ. "ಇಲ್ಲಿಗೆ ಬರೋ ಮುಂಚೆ ಗಾಡಿ ಎಲ್ಲಿಗೆ ಹೋಗಿತ್ತು?"

"ಎಲ್ಲಿಗೂ ಇಲ್ಲ. ಕೆರೆ ಏರಿ ಮೇಲೆ ಒಂದು ಸುತ್ತು ಹಾಕಿಸಿ, ನಡುಕ ನಿಂತ ಮೇಲೆ ತಂದೆ. ಕುಣಿಯೋ ಕಾರಲ್ಲಿ ಪೇಟೆ ಬೀದಿಗೆ ಬರೋಕಾಗುತ್ತಾ?"

ವ್ಯಾಪಾರಿ ಎಂದರೆ ಹಾಗೆಯೇ. ಸೀರೆಯ ಒಳ್ಳೆಯ ಮಗ್ಗುಲನ್ನೇ ಬಿಚ್ಚಿ ತೋರಿಸಿ ಅವನ ಕೈ ಪಳಗಿರುತ್ತದೆ. ಮಾರುವಾಗ ಅದು ಜಾಣತನ. ರಿಪೇರಿಗೆ ಕೊಡುವಾಗ ಅದೇ ನಷ್ಟ.

"ನಾಳೆ ಕೀಲಿ ಮುಟ್ಟಬೇಡಿ. ನಾನೇ ಮನೆಗೆ ಬರ್ತೀನಿ," ಎಂದ ಮೆಕ್ಯಾನಿಕ್.

"ಮದುವೆ ಮನೆ ಬಾಗಿಲಿಗೆ ಮೆಕ್ಯಾನಿಕ್ಕಾ! ಬೀದಿಯವರು ಏನಂದಾರು?"

"ದಿಬ್ಬಣದ ದಿನ ಗಾಡಿ ನಿಂತ್ರೆ ಅನ್ನೋದಕ್ಕಿಂತ ಕಮ್ಮೀನೇ ಅಂತಾರೆ."

ಮರುದಿನ ಬೆಳಿಗ್ಗೆ ಮೆಕ್ಯಾನಿಕ್ ಬಂದು ಬಾನೆಟ್ ಎತ್ತಿ, ಎಂಜಿನ್ನಿನ ಮೇಲೆ ಅಂಗೈ ಇಟ್ಟು ನೋಡಿದ. ತಣ್ಣಗಿತ್ತು. "ಈಗ ಸ್ಟಾರ್ಟ್ ಮಾಡಿ" ಎಂದ. ಎಂಜಿನ್ ನಡುಗಿತು. ನಡುಕದ ಒಳಗೆ ಸಣ್ಣಗೆ ಸುಸ್ಸೆನ್ನುವ ಸದ್ದು. ಅದನ್ನೇ ಹಿಡಿದು ಬೆರಳು ಆಡಿಸಿದ. ಒಂದು ರಬ್ಬರ್ ಕೊಳವೆಯ ತಿರುವಿನಲ್ಲಿ ಬೆರಳು ಒತ್ತಿದೊಡನೆ ನಡುಕ ನಿಂತಿತು. ತೆಗೆದ, ನಡುಗಿತು. ಒತ್ತಿದ, ನಿಂತಿತು. ಕೊಳವೆಯಲ್ಲಿ ಕೂದಲೆಳೆಯಷ್ಟು ಸೀಳು. ತಣ್ಣಗಿದ್ದಾಗ ಅದು ಬಾಯಿಬಿಟ್ಟು ಬೇಡದ ಗಾಳಿ ನುಂಗುತ್ತಿತ್ತು. ಬಿಸಿಯಾದರೆ ರಬ್ಬರ್ ಉಬ್ಬಿ ಬಾಯಿ ಮುಚ್ಚುತ್ತಿತ್ತು.

"ಸರಿ ಸರಿ, ನಾನೊಂದು ಸಲ!" ಎಂದು ವ್ಯಾಪಾರಿ ಇಳಿದು ಬಂದ. ಒತ್ತಿದ, ಬಿಟ್ಟ, ಒತ್ತಿದ, ಬಿಟ್ಟ. ನಗು ತಡೆಯಲಾಗಲಿಲ್ಲ. ಹೆಂಡತಿ ಕಿಟಕಿಯಿಂದ ಕೇಳಿದಳು: "ಮದುವೆ ಮಗಳದ್ದಾ, ಕಾರಿನದ್ದಾ?"

ಹೊಸ ಕೊಳವೆ ಹಾಕಿದರು. ದಿಬ್ಬಣದ ಮುಂಜಾನೆ ಮದುಮಗಳು ಕಾರು ಹತ್ತಿದಳು. ಓಲಗ ಮೊಳಗುತ್ತಿತ್ತು. ಅವಳು ಮುಂದಕ್ಕೆ ಬಾಗಿ, "ಅಪ್ಪಾ, ಹೊತ್ತಾಯ್ತು, ಸ್ಟಾರ್ಟ್ ಮಾಡಿ" ಎಂದಳು.

"ಆಗಲೇ ಆಗಿದೆ ತಾಯಿ" ಎಂದ ವ್ಯಾಪಾರಿ.

ಕತೆ ಮುಗಿಯಿತು. ಶಿಷ್ಯ ಮನಸಾರೆ ನಕ್ಕ. "ಹಾಗಾದರೆ ನನ್ನಲ್ಲೂ ಎಲ್ಲೋ ಒಂದು ಕೊಳವೆ ಸೀಳಿದೆ ಎನ್ನಿ. ಎಲ್ಲೆಂದು ಈಗಲೇ ಹೇಳಿಬಿಡಿ, ಗುರುಗಳೇ."

ಗುರು ಹೇಳಿದರು: "ನಾಳೆ ನೀನು ಇಲ್ಲಿಗೆ ಬರಬೇಡ, ನೀನು ಹಾಸಿಗೆ ಬಿಟ್ಟೇಳುವ ಹೊತ್ತಿಗೆ ನಾನೇ ನಿನ್ನ ಮನೆಗೆ ಬರುತ್ತೇನೆ."