ಮ್ಯಾಟಿನ ತೂತು

ಕ್ರಿಕೆಟ್ ಕ್ಲಬ್ಬೊಂದರ, ಪಿಚ್ಚಿನ ಮೇಲೆ ಹಾಸುವ ಹಳೇ ನಾರಿನ ಮ್ಯಾಟಿನಲ್ಲಿ, ಬೌಲರ್ ಕಾಲೂರುವ ಜಾಗದಲ್ಲೇ, ಅಂಗೈಯಗಲದ ತೂತಿತ್ತು. ಪಂದ್ಯದ ದಿನ ಬೆಳಗ್ಗೆ ಅದನ್ನು ಹೊಲಿಯಲು ದಬ್ಬಣ ಬಂತು.

"ಮುಟ್ಟಬೇಡ!" ಎಂದಿತು ಮ್ಯಾಟು. "ಇದು ಅಶ್ವತ್ಥರಾಯರ ಕಾಲಿನ ಗುರುತು. ಫೈನಲ್‌ನಲ್ಲಿ ಅವರು ಎಂಟು ವಿಕೆಟ್ ಕಿತ್ತ ದಿನ ಆದದ್ದು."

"ಪ್ರತಿ ಭಾನುವಾರವೂ ಇದನ್ನೇ ಹೇಳುತ್ತೀಯ. ಹೋದ ವಾರ ಈ ತೂತಿಗೆ ಸಿಕ್ಕಿ ಒಬ್ಬನ ಕಾಲು ಉಳುಕಿತು. ಅದರ ಹಿಂದಿನ ವಾರ ಇನ್ನೊಬ್ಬನ ಹಲ್ಲು ಹೋಯಿತು."

"ಈಗಿನವರಿಗೆ ಕಾಲಿಡುವುದೇ ಗೊತ್ತಿಲ್ಲ. ರಾಯರು ಎಂದಾದರೂ ಎಡವಿದ್ದರೇ?"

ದಬ್ಬಣಕ್ಕೆ ರೇಗಿಹೋಯಿತು. "ಹಾಗಾದರೆ ತೂತಿಗೊಂದು ಹಾರ ಹಾಕಿಸಿಕೊಂಡು ಗೋಡೆಯ ಮೇಲಿರು! ಮೈದಾನಕ್ಕೆ ಯಾಕೆ ಬರುತ್ತೀಯ?"

ಮ್ಯಾಟು ಜಗ್ಗಲಿಲ್ಲ. ದಬ್ಬಣ ಬೇಸತ್ತು ದಾರದುಂಡೆಯ ಪಕ್ಕ ಹೋಗಿ ಬಿದ್ದುಕೊಂಡಿತು.

ಆ ದಿನ ಮೊದಲ ಚೆಂಡು ಎಸೆಯಲು ಮುಖ್ಯ ಅತಿಥಿಯಾಗಿ ಅಶ್ವತ್ಥರಾಯರೇ ಬಂದರು. ಎಪ್ಪತ್ತು ದಾಟಿದ ಅವರು ನಾಲ್ಕೇ ಹೆಜ್ಜೆ ಓಡಿ ಕಾಲೂರಿದರು. ಬೂಟು ತೂತಿಗೆ ಸಿಕ್ಕಿತು. ರಾಯರು ಮುಗ್ಗರಿಸಿ ಮಂಡಿಯೂರಿ ಬಿದ್ದರು.

ಕ್ಲಬ್ಬಿನವರೆಲ್ಲ ಓಡಿ ಬಂದು ಎತ್ತಿದರು. ರಾಯರು ಪ್ಯಾಂಟಿನ ಮಣ್ಣು ಕೊಡವುತ್ತಾ ಬಗ್ಗಿ ನೋಡಿದರು.

"ಈ ಹಾಳು ತೂತು ಇನ್ನೂ ಇದೆಯಾ! ಫೈನಲ್ ದಿನ ಒಂಬತ್ತನೇ ವಿಕೆಟ್‌ಗೆ ಓಡಿ ಬರೋವಾಗ ಇದಕ್ಕೇ ಸಿಕ್ಕಿ ಬಿದ್ದೆ. ಗೆಲ್ಲೋ ಮ್ಯಾಚು ಕೈತಪ್ಪಿ ಹೋಯ್ತು. ಹೊಲಿಸಿ, ಹೊಲಿಸಿ ಅಂತ ಅವತ್ತೇ ಬಡಕೊಂಡೆ. ನಲವತ್ತು ವರ್ಷದಿಂದ ಏನ್ರೀ ಮಾಡ್ತಿದ್ದೀರಿ? ತನ್ನಿ ಇಲ್ಲಿ ಆ ದಬ್ಬಣ!"